ಹದಿನೆಂಟನೇ ಚಾನೆಲ್‌ನಲ್ಲಿ ಬೀಗರು

ಬೀಗರ ನಡುವೆ ಮನಸ್ತಾಪ ಶುರುವಾದದ್ದು ಒಂದು ಇಕ್ಕಳದಿಂದ.

ಮರ್ರೆ ಬ್ರಿಡ್ಜ್ ಎಂಬ ಊರಿನಲ್ಲಿ ಲಿಂಡ್ಸೆಯ ಮನೆ ಹಿತ್ತಲಲ್ಲಿ ನಿಶ್ಚಿತಾರ್ಥದ ಊಟ ನಡೆದಿತ್ತು. ವರನ ತಂದೆ ಲಿಂಡ್ಸೆ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತು ಸಾಸೇಜ್ ಸುಡುತ್ತಿದ್ದವನು ಬಿಯರ್ ತರಲೆಂದು ಒಳಗೆ ಹೋದ. ವಧುವಿನ ತಂದೆ ಕ್ಲೈವ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಒಂದು ಸಾಸೇಜ್ ಕರಕಲಾಗುತ್ತಿರುವುದು ಕಣ್ಣಿಗೆ ಬಿತ್ತು. ಸುಮ್ಮನಿರಲಾಗದೆ ಇಕ್ಕಳ ಎತ್ತಿಕೊಂಡು ಅದನ್ನು ಮಗುಚಿದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕೈ ಹೇಗೂ ಬಿಸಿಯಾಗಿದೆಯಲ್ಲ ಎಂದು ಉಳಿದವನ್ನೂ ಮಗುಚಿದ. ಲಿಂಡ್ಸೆ ಎರಡು ಕೈಯಲ್ಲೂ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತು ಇದನ್ನು ನೋಡಿದ. ಒಬ್ಬ ಗಂಡಸಿನ ಒಲೆಯೆದುರು ನಿಂತು ಅವನ ಇಕ್ಕಳ ಮುಟ್ಟುವುದಕ್ಕಿಂತ ಅವನ ಕೆನ್ನೆಗೆ ಬಾರಿಸುವುದೇ ವಾಸಿ. ಬಾರಿಸಿದರೆ ಆಮೇಲೆ ಕ್ಷಮೆಯನ್ನಾದರೂ ಕೇಳಬಹುದು.

ಆ ದಿನದಿಂದ ಎರಡು ಮನೆಗಳ ನಡುವೆ 'ನಮಸ್ಕಾರ, ಚೆನ್ನಾಗಿದ್ದೀರಾ' ಬಿಟ್ಟರೆ ಮಾತಿಲ್ಲ. ಕೊನೆಗೆ ಕ್ಲೈವ್‌ನ ಮಗಳು ಟಾಮ್ಸಿನ್ ಫೋನು ಮಾಡಿದಳು.

"ಅಪ್ಪಾ, ಕೇಳು. ನೀವು ನಾಲ್ಕೂ ಜನ ಒಟ್ಟಿಗೆ ಗಾಲರ್ ಬೆಟ್ಟಗಳಿಗೆ ಹೋಗಿ. ಕಾಡಲ್ಲಿ ಮೂರು ರಾತ್ರಿ ಡೇರೆ ಹಾಕ್ಕೊಂಡಿರಿ. ನಗ್‌ನಗ್ತಾ ವಾಪಸ್ ಬಂದ್ರೆ ನಮ್ಮೂರ ಚರ್ಚಲ್ಲೇ ಮದುವೆ."

"ಬರದಿದ್ರೆ?"

"ಬರದಿದ್ರೆ ನಾನೂ ಹ್ಯಾಮಿಷೂ ಬಾಲಿಗೆ ಹೋಗಿ ಸಮುದ್ರದ ದಂಡೆ ಮೇಲೆ ಮದುವೆ ಆಗ್ತೀವಿ. ನಿಮ್ಮನ್ನ ಯಾರನ್ನೂ ಕರೆಯಲ್ಲ. ಫೋಟೋ ಕಳಿಸ್ತೀವಿ."

ಕ್ಲೈವ್ ಫೋನಿಟ್ಟ. ಪೋರ್ಟ್ ಪಿರಿಯಲ್ಲಿ ಇಡೀ ಆಯಸ್ಸು ಶಾಲೆಯ ಬಸ್ ಓಡಿಸಿದವನು ಅವನು. ದೊಡ್ಡ ಆಸೆಗಳೇನೂ ಇಟ್ಟುಕೊಂಡವನಲ್ಲ. ಇದ್ದದ್ದು ಒಂದೇ. ಮಗಳ ಕೈಯನ್ನು ತನ್ನ ತೋಳಿನಲ್ಲಿ ಸಿಕ್ಕಿಸಿಕೊಂಡು, ಅವಳಿಗೆ ಹೆಸರಿಟ್ಟ ಆ ಚರ್ಚಿನ ಬಾಗಿಲಿಂದ ಒಳಗೆ ಕೊನೆಯವರೆಗೆ ನಡೆದು, ಅಳಿಯನ ಪಕ್ಕದಲ್ಲಿ ನಿಲ್ಲಿಸಿ ಬರುವುದು. ಅದೂ ಬಾಲಿಯ ಮರಳಲ್ಲಿ ಹೂತುಹೋಗುವ ಹಾಗಿತ್ತು.

"ಹೋಗೋಣ," ಎಂದ ಹೆಂಡತಿ ರೇಲೀನ್‌ಗೆ. "ಅವನು ನನ್ನ ತಲೆ ಮೇಲೆ ಕೂತ್ರೂ ಸರಿ, ನಾನು ಬಾಯಿ ಬಿಡಲ್ಲ."

"ನೀನು ಬಾಯಿ ಬಿಡದೆ ಇರೋದು ನಿದ್ದೇಲೂ ಇಲ್ಲ ಮಾರಾಯ," ಎಂದಳು ರೇಲೀನ್. ಆದರೆ ಆಲೂಗಡ್ಡೆ ಸಲಾಡಿಗೆ ಆಗಲೇ ವಿನಿಗರ್ ಅಳೆಯುತ್ತಿದ್ದಳು. ಅವಳ ಸಲಾಡಿಲ್ಲದೆ ಆ ಮನೆಯಿಂದ ಯಾವ ಪ್ರವಾಸವೂ ಹೊರಟದ್ದಿಲ್ಲ.

ಪೋರ್ಟ್ ಅಗಸ್ಟಾದಲ್ಲಿ ಎರಡೂ ಕಾರು ಸೇರಿದವು. ಲಿಂಡ್ಸೆ ಹೆಂಡತಿ ಗ್ಲೆನಿಸ್‌ಳನ್ನು ಕೂರಿಸಿಕೊಂಡು, ಕಾರಿನ ಹಿಂದೆ ಡೇರೆ ಮಡಿಚಿಟ್ಟ ಟ್ರೇಲರ್ ಕಟ್ಟಿಕೊಂಡು ಬಂದಿದ್ದ. ಅವನು ನಿವೃತ್ತ ಲೈಸೆನ್ಸ್ ಪರೀಕ್ಷಕ. ಪಕ್ಕದ ಸೀಟಿನಲ್ಲಿ ಹಲಗೆ ಹಿಡಿದು ಕೂತು, ನಡುಗುವ ಹುಡುಗ ಹುಡುಗಿಯರನ್ನು ಪಾಸು ಫೇಲು ಮಾಡಿದವನು. ಈಗಲೂ ಯಾರು ಗಾಡಿ ಓಡಿಸಿದರೂ ಅವನ ಹುಬ್ಬು ತಾನಾಗಿ ಮೇಲೇಳುತ್ತಿತ್ತು.

"ನೀವು ಮುಂದೆ ಹೋಗಿ ಕ್ಲೈವ್, ದಾರಿ ನಿಮಗೆ ಗೊತ್ತಲ್ಲ," ಎಂದ, ತುಂಬ ಮರ್ಯಾದೆಯಿಂದ. "ಕಾರಿಂದ ಕಾರಿಗೆ ಮಾತಾಡೋ ರೇಡಿಯೊನ ಹದಿನೆಂಟನೇ ಚಾನೆಲ್‌ನಲ್ಲಿ ಇಟ್ಕೊಳ್ಳೋಣ. ಗಾಡಿಮನೆ ಕಟ್ಕೊಂಡು ತಿರುಗೋ ಕ್ಯಾರವಾನಿನವರೆಲ್ಲ ಅದರಲ್ಲೇ ಇರ್ತಾರೆ, ಏನಾದ್ರೂ ಆದ್ರೆ ಒಬ್ಬರಿಗೊಬ್ಬರು ಆಗ್ತೀವಿ."

"ಹಾಗೇ ಆಗ್ಲಿ ಲಿಂಡ್ಸೆ, ನೀವು ಹೇಳ್ದ ಹಾಗೆ," ಎಂದ ಕ್ಲೈವ್, ಅಷ್ಟೇ ಮರ್ಯಾದೆಯಿಂದ.

ಐರನ್ ನಾಬ್ ಊರು ದಾಟಿ ಟಾರು ಮುಗಿದು ಕೆಂಪು ಕಚ್ಚಾರಸ್ತೆ ಶುರುವಾಗುವವರೆಗೆ ಎಲ್ಲವೂ ಸೌಖ್ಯವಾಗಿತ್ತು. ಆಮೇಲೆ ರೇಡಿಯೊ ಕರ್ರೆಂದಿತು.

"...ನೋಡು ಗ್ಲೆನಿಸ್, ನೋಡು. ಮತ್ತೆ ಬ್ರೇಕ್ ಹಾಕ್ದ. ಏನಿತ್ತು ಅಲ್ಲಿ? ಎಮು ಹಕ್ಕಿ ದಾಟಿ ಆಚೆ ಊರು ಸೇರಿದೆ, ಇವನು ಅದರ ನೆರಳಿಗೂ ದಾರಿ ಬಿಡ್ತಾ ಕೂತಿದಾನೆ."

ಕ್ಲೈವ್ ರೇಡಿಯೊ ನೋಡಿದ. ರೇಲೀನ್ ಕ್ಲೈವ್‌ನನ್ನು ನೋಡಿದಳು.

"ಲಿಂಡ್ಸೆ, ನಿಮ್ಮ ಮೈಕಿನ ಗುಂಡಿ ಒತ್ಕೊಂಡಿದೆ," ಎಂದ ಕ್ಲೈವ್ ತನ್ನ ಮೈಕು ಹಿಡಿದು.

"ಕೈ ಬೀಸೋದು ನೋಡು! ಎದುರಿಂದ ಗಾಡಿ ಬಂದ್ರೆ ಸ್ಟೇರಿಂಗಿಂದ ಒಂದು ಬೆರಳೆತ್ತಿದ್ರೆ ಸಾಕಪ್ಪ. ಇವನು ಇಡೀ ಕೈ ಹೊರಗೆ ಹಾಕ್ತಾನೆ, ಹಡಗು ಹತ್ತೋನ ಹಾಗೆ."

ಲಿಂಡ್ಸೆಯ ರೇಡಿಯೊ ಹಳೇಕಾಲದ್ದು. ಈಗಿನವು ತುಂಬ ಹೊತ್ತು ಗುಂಡಿ ಒತ್ತಿಕೊಂಡರೆ ತಾವಾಗಿ ಬಾಯಿ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಆ ಬುದ್ಧಿ ಇರಲಿಲ್ಲ. ಗುಂಡಿ ಒತ್ತಿದವನು ಮಾತಾಡಬಹುದು, ಇನ್ನೊಬ್ಬರ ಮಾತು ಅವನಿಗೆ ಕೇಳುವುದಿಲ್ಲ. ಅವನ ಮೈಕು ಎಲ್ಲೋ ಯಾವುದರದ್ದೋ ಅಡಿಗೆ ಸಿಕ್ಕಿಕೊಂಡಿತ್ತು. ಕ್ಲೈವ್ ಹಿಂದಿನ ದೀಪಗಳನ್ನೆಲ್ಲ ಮಿಣಮಿಣ ಮಾಡಿ ತೋರಿಸಿದ.

"ಈಗ ದೀಪ ಹಾಕ್ದ. ಕ್ರಿಸ್‌ಮಸ್ಸಿಗೆ ಇನ್ನೂ ಎಷ್ಟು ತಿಂಗಳಿದೆ ಅಂತ ಯಾರಾದ್ರೂ ಹೇಳಿ ಅವನಿಗೆ."

"ನಿಲ್ಸಿ ಹೇಳ್ಬಿಡ್ತೀನಿ," ಎಂದ ಕ್ಲೈವ್, ಕಿವಿ ಕೆಂಪಾಗಿ.

"ಹೇಳು. 'ನೀವು ಬೈದಿದ್ದೆಲ್ಲ ಕೇಳಿಸ್ತು' ಅಂತ ಹೇಳು. ಆ ಮನುಷ್ಯ ನಾಚಿಕೇಲಿ ಅಲ್ಲಿಂದಲೇ ಗಾಡಿ ತಿರುಗಿಸ್ತಾನೆ. ಆಮೇಲೆ ನಾವು ಮನೇಲಿ ಕೂತು ಬಾಲಿ ಫೋಟೋ ನೋಡ್ಕೊಂಡಿರೋಣ."

ಕ್ಲೈವ್‌ನ ಕಾಲು ಬ್ರೇಕಿನ ಮೇಲಿಂದ ಹಿಂದಕ್ಕೆ ಬಂತು. "ಹಾಗಾದ್ರೆ ರೇಡಿಯೊ ಆದ್ರೂ ಆರಿಸು."

"ಇರು, ಇರು," ಎಂದಳು ರೇಲೀನ್ ನಗುತ್ತ, ರೇಡಿಯೊದ ದನಿ ಇನ್ನಷ್ಟು ಏರಿಸಿ. "ನನ್ನ ಬಗ್ಗೆ ಇನ್ನೂ ಏನೂ ಬಂದಿಲ್ಲ."

ಬಂತು. ಆಲೂಗಡ್ಡೆ ಸಲಾಡಿನ ಬಗ್ಗೆ ಬಂತು. ಅದನ್ನು ತಿಂದರೆ ಹಲ್ಲಿನ ಸಿಮೆಂಟು ಕರಗುತ್ತದೆ ಎಂದ ಲಿಂಡ್ಸೆ. ರೇಲೀನ್ ನಗುವುದನ್ನು ನಿಲ್ಲಿಸಿದಳು. ಉಪ್ಪುಗಿಡದ ಪೊದೆಗಳು, ದೂರದ ಕೆಂಪು ಗುಡ್ಡಗಳು, ಬೇಲಿಗಂಬದ ಮೇಲೆ ಕೂತ ಗುಲಾಬಿ ಎದೆಯ ಗಲಾ ಹಕ್ಕಿಗಳು, ಎಲ್ಲವೂ ಹಿಂದೆ ಹೋಗುತ್ತಿದ್ದವು. ಲಿಂಡ್ಸೆಯ ಮಾತೊಂದೇ ಹಿಂದೆ ಬೀಳಲಿಲ್ಲ. ತಿರುವಿನಲ್ಲಿ ಕ್ಲೈವ್ ಹೇಗೆ ತಿರುಗಿಸಬೇಕಿತ್ತು, ಏರಿನಲ್ಲಿ ಯಾವ ಗೇರು ಹಾಕಬೇಕಿತ್ತು, ಇವನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು...

ಆಗ ಅಷ್ಟು ಹೊತ್ತು ಸುಮ್ಮನಿದ್ದ ಗ್ಲೆನಿಸ್‌ಳ ದನಿ ಕೇಳಿತು. ಮೆಲುದನಿಯ ಹೆಂಗಸು, ಚರ್ಚಿನಲ್ಲಿ ಹೂ ಜೋಡಿಸುವವಳು.

"ಸಾಕು ಲಿಂಡ್ಸೆ. ಮೂರು ಸಲ ಫೇಲಾಗಿ ಲೈಸೆನ್ಸ್ ತಗೊಂಡೋನು ನೀನು. ಇನ್ನೊಬ್ಬರ ಬಗ್ಗೆ ಯಾಕೆ ಮಾತು?"



"ಅದನ್ನ ಯಾವತ್ತೂ ಬಾಯಲ್ಲಿ ತರಲ್ಲ ಅಂತ ಆಣೆ ಮಾಡಿದ್ದೆ ನೀನು," ಎಂದ ಲಿಂಡ್ಸೆ. ದನಿ ಪೂರ್ತಿ ಇಳಿದಿತ್ತು. "ಆಫೀಸಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಹ್ಯಾಮಿಷ್‌ಗೂ ಗೊತ್ತಿಲ್ಲ. ಗೊತ್ತಾದ್ರೆ ನಾನು ಮುಖ ಎತ್ಕೊಂಡು ತಿರುಗೋದು ಹೇಗೆ?"

ಕ್ಲೈವ್‌ಗೆ ನಗು ಬರಬೇಕಿತ್ತು. ಬರಲಿಲ್ಲ. ರೇಲೀನ್ ತಾನಾಗಿ ಕೈಚಾಚಿ ರೇಡಿಯೊ ಆರಿಸಿದಳು.

ಗಾಲರ್ ಬೆಟ್ಟಗಳ ಪಾರ್ಕಿನ ಗೇಟು ದಾಟಿದ ಮೇಲೆ ಲಿಂಡ್ಸೆ ಒರಟು ದಾರಿಗೆಂದು ಟೈರಿನ ಗಾಳಿ ಇಳಿಸಲು ನಿಂತ. ಕ್ಲೈವ್ ಜಾಗ ಹಿಡಿಯುವ ನೆಪ ಮಾಡಿ ಮುಂದೆ ಬಂದ. ಒಣ ಹಳ್ಳದ ದಂಡೆಯ ನೀಲಗಿರಿ ಮರಗಳ ಕೆಳಗೆ ಬಿಡಾರದ ಜಾಗ. ಒಂದೇ ಒಂದು ಕ್ಯಾರವಾನ್ ಬಂದಿತ್ತು. ಅದರ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು ಮುದುಕ ಮುದುಕಿ ಕೂತಿದ್ದರು. ನಡುವೆ ಪೆಟ್ಟಿಗೆಯ ಮೇಲೆ ಕೈರೇಡಿಯೊ. ಇಬ್ಬರೂ ಅದರ ಕಡೆ ಬಾಗಿ, ಕೊನೆಯ ಓವರು ಕೇಳುವವರ ಹಾಗೆ ಕಿವಿಗೊಟ್ಟಿದ್ದರು. ಕ್ಲೈವ್ ಇಂಜಿನ್ ಆರಿಸಿದ. ರೇಡಿಯೊದಿಂದ ಸ್ಪಷ್ಟವಾಗಿ ಬಂತು:

"...ಗ್ಲೆನಿಸ್, ಎಡಗಡೆ ಟೈರು ಆಯ್ತು. ಬಾಯಿ ಬಿಡಬೇಡ ಅಂದ್ರೆ ಬಿಡಬೇಡ, ಅಷ್ಟೇ."

ಮುದುಕಿ ತಲೆಯೆತ್ತಿ ಕ್ಲೈವ್‌ನನ್ನು ನೋಡಿದವಳೇ ಮುಖವರಳಿಸಿದಳು. "ಎಮು ನೆರಳಿಗೆ ದಾರಿ ಬಿಡೋನು ನೀನೇ ಅಲ್ವೇನಪ್ಪಾ?"

ಕ್ಲೈವ್‌ಗೆ ಆಗ ಹೊಳೆಯಿತು. ಹೌದಲ್ಲ, ಕ್ಯಾರವಾನಿನವರೆಲ್ಲ ಹದಿನೆಂಟರಲ್ಲೇ ಇರುತ್ತಾರೆ.

"ಪೂರ್ತಿ ಕೇಳಿದ್ರಾ?"

"ಪೂರ್ತಿನಾ? ಚಹಾ ಮಾಡೋಕೂ ಏಳಲಿಲ್ಲ ನಾನು. ಇವಳು ಸಲಾಡಿನವಳು ಇರಬೇಕು. ಬಾಮ್ಮ, ಕೂತ್ಕೋ. ನಾನು ಮರ್ಲ್. ಇವರು ನಮ್ಮನೆಯವರು, ಸ್ಟ್ಯಾನ್. ಇವರಿಗೆ ಕಿವಿ ಮಂದ, ಅದಕ್ಕೇ ರೇಡಿಯೊ ಕಿರುಚೋ ಹಾಗೆ ಇಟ್ಟಿರೋದು."

ಕ್ಲೈವ್ ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದ: ಇಕ್ಕಳ, ಮಗಳು, ಬಾಲಿ. "ಅವನಿಗೆ ಇದು ಗೊತ್ತಾದ್ರೆ ಹೊರಟುಹೋಗ್ತಾನೆ. ದಮ್ಮಯ್ಯ, ನೀವು ಏನೂ ಕೇಳಿಲ್ಲ."

"ನಾನಾ? ಕೇಳೇ ಇಲ್ಲ," ಎಂದಳು ಮರ್ಲ್, ಬಾಯಿಗೆ ಬೀಗ ಹಾಕಿದಂತೆ ಬೆರಳು ತಿರುಗಿಸಿ. ರೇಡಿಯೊ ಆರಿಸಿದಳು. ಗಂಡನ ಕಿವಿಗೆ ಬಾಯಿಟ್ಟು, "ಸ್ಟ್ಯಾನ್! ಆ ಫೇಲಿನ ವಿಷಯ ಎತ್ತಬೇಡ!" ಎಂದಳು.

"ಎತ್ತೋಣ ಎತ್ತೋಣ," ಎಂದ ಸ್ಟ್ಯಾನ್ ಗೆಲುವಾಗಿ.

ಅಷ್ಟರಲ್ಲಿ ಲಿಂಡ್ಸೆಯ ಕಾರು ಧೂಳೆಬ್ಬಿಸಿಕೊಂಡು ಬಂತು.

ಬಿಡಾರದಲ್ಲಿ ಒಂದು ಪದ್ಧತಿ. ಟ್ರೇಲರ್ ಕಟ್ಟಿಕೊಂಡ ಹೊಸಬರು ಬಂದು ಹಿಮ್ಮುಖವಾಗಿ ಜಾಗಕ್ಕೆ ತುರುಕಲು ಹೊರಟರೆ, ಮೊದಲೇ ಬಂದವರು ಕುರ್ಚಿ ಆ ಕಡೆ ತಿರುಗಿಸಿಕೊಂಡು ಕೂರುತ್ತಾರೆ. ಸಾಯಂಕಾಲಕ್ಕೆ ಅದಕ್ಕಿಂತ ಒಳ್ಳೆಯ ಆಟ ಕಾಡಿನಲ್ಲಿ ಇನ್ನೊಂದಿಲ್ಲ. ಸ್ಟ್ಯಾನ್ ಕುರ್ಚಿ ತಿರುಗಿಸಿದ. ಬಿಯರ್ ತೆರೆದ. ಹೆಂಡತಿ ಆ ಕಡೆ ತಿರುಗಿದಾಗ, ಸದ್ದಿಲ್ಲದೆ ಕೂರಲು ಬೇಸರವಾಗಿ ರೇಡಿಯೊವನ್ನೂ ಹಾಕಿಕೊಂಡ.

ಗ್ಲೆನಿಸ್ ಇಳಿದು ಹಿಂದೆ ನಿಂತು ಕೈ ಆಡಿಸತೊಡಗಿದಳು. "ಬಲಕ್ಕೆ!"

"ನಿನ್ನ ಬಲಕ್ಕಾ, ನನ್ನ ಬಲಕ್ಕಾ?"

"ಮರದ ಬಲಕ್ಕೆ!"

"ಮರಕ್ಕೆ ಎಲ್ಲಿದೆಯೇ ಬಲ?"

ಟ್ರೇಲರ್ ಅಡ್ಡ ತಿರುಗಿ ಕಾರಿಗೇ ಹೊಡೆಯುವಂತೆ ಬಂತು. ಲಿಂಡ್ಸೆ ಮುಂದೆ ಹೋಗಿ ಮತ್ತೆ ಹಿಂದೆ ಬಂದ. ಈ ಸಲ ಪೊದೆಗೆ ನುಗ್ಗಿತು. ಇನ್ನೊಮ್ಮೆ ಬಂದಾಗ ಕ್ಲೈವ್ ಆಗಷ್ಟೇ ಕಟ್ಟುತ್ತಿದ್ದ ಡೇರೆಯ ಹಗ್ಗ ಹರಿಯಿತು. ಕ್ಲೈವ್ ಗೂಟ ಎತ್ತಿಕೊಂಡು, "ಪರ್ವಾಗಿಲ್ಲ ಲಿಂಡ್ಸೆ! ಈ ಹಗ್ಗ ಹೇಗೂ ಹಳೇದು!" ಎಂದ. ಹಗ್ಗ ಹೊಸದು. ಲಿಂಡ್ಸೆ ಬೆವರು ಒರೆಸಿಕೊಂಡು ಮತ್ತೆ ಮುಂದೆ ಹೋದ.

ಆಗ ಸ್ಟ್ಯಾನ್ ಕುರ್ಚಿಯಿಂದ ಅರ್ಧ ಎದ್ದು, ಬಿಯರ್ ಕೈ ಮೇಲೆತ್ತಿ, ಮನಸಾರೆ ಹಾರೈಸಿದ: "ಧೈರ್ಯವಾಗಿ ಬಾ ಮಗಾ! ಮೂರು ಸಲ ಫೇಲಾದ್ರೇನು, ಅವತ್ತಿನ ಹಾಗೆ ಇವತ್ತೂ ನಾಲ್ಕನೇ ಸಲಕ್ಕೆ ಪಾಸು!"

ಕಾರು ನಿಂತಿತು. ಲಿಂಡ್ಸೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಂದ್ರಿ?"

'ಏನಂದ್ರಿ?' ಎಂದಿತು ಸ್ಟ್ಯಾನ್‌ನ ಕಾಲ ಬಳಿಯ ರೇಡಿಯೊ, ಲಿಂಡ್ಸೆಯದೇ ದನಿಯಲ್ಲಿ.

ಲಿಂಡ್ಸೆ ರೇಡಿಯೊ ನೋಡಿದ. ತಲೆ ಒಳಗೆ ಎಳೆದುಕೊಂಡ. ಸೀಟುಗಳ ನಡುವೆ ಮೈಕಿನ ಮೇಲೆ ಕೂತಿದ್ದ ಊಟದ ಡಬ್ಬಿ ಎತ್ತಿದ ಸದ್ದು ರೇಡಿಯೊದಲ್ಲೇ ಕೇಳಿತು. ಆಮೇಲೆ ಟಪ್ ಎಂದು ಎಲ್ಲ ನಿಶ್ಶಬ್ದ.

"ಎಷ್ಟು ಹೊತ್ತಿಂದ?" ಎಂದ. ಕೇಳಿದ್ದು ಕ್ಲೈವ್‌ನನ್ನು.

ಕ್ಲೈವ್ ಸುಳ್ಳು ಹೇಳಲು ಬಾಯಿ ತೆರೆದ. ಬಸ್ಸಿನಲ್ಲಿ ಮಕ್ಕಳ ಸುಳ್ಳು ಅಷ್ಟು ಕೇಳಿದ್ದರೂ ಅವನಿಗೆ ಆ ವಿದ್ಯೆ ಬಂದಿರಲಿಲ್ಲ. "ಐರನ್ ನಾಬಿಂದ," ಎಂದ.

ಲಿಂಡ್ಸೆ ಕಿಟಕಿಯ ಗಾಜು ಏರಿಸಿದ. ಗೇರು ಹಾಕಿದ. ಕಾರೂ ಟ್ರೇಲರೂ ಬಂದ ದಾರಿಯಲ್ಲೇ ಹೊರಟವು. ಗ್ಲೆನಿಸ್ ಧೂಳಿನ ನಡುವೆ, 'ಬಲಕ್ಕೆ' ಎಂದು ಚಾಚಿದ ಕೈಯನ್ನು ಇಳಿಸದೆ ನಿಂತೇ ಇದ್ದಳು.

"ನನ್ನನ್ನ ಬಿಟ್ಟೇ ಹೋದ್ನಲ್ಲ," ಎಂದಳು. "ನನ್ನ ಕನ್ನಡಕ ಕಾರಲ್ಲಿದೆ."

ಕ್ಲೈವ್ ತನ್ನ ಕಾರಿಗೆ ಓಡಿದ. ಬೆನ್ನಟ್ಟಿ ಪ್ರಯೋಜನವಿರಲಿಲ್ಲ. ಹೋಗಿ ಅಡ್ಡ ಹಾಕಿದರೆ ಇನ್ನೊಂದು ರಾದ್ಧಾಂತ. ರೇಡಿಯೊ ಹಾಕಿ, ಮೈಕು ಕೈಗೆತ್ತಿಕೊಂಡು ಗುಂಡಿ ಒತ್ತಿದ.

"ಲಿಂಡ್ಸೆ, ನಾನು ಕ್ಲೈವ್. ಗುಂಡಿ ಬಿಡಲ್ಲ ನಾನು. ಮಧ್ಯಾಹ್ನವೆಲ್ಲ ನೀನು ಮಾತಾಡಿದೆ, ನಾನು ಕೇಳ್ದೆ. ಈಗ ನೀನು ಕೇಳು. ನಿನ್ನ ಸಾಸೇಜು ಹೊರಗೆ ಇದ್ದಿಲು, ಒಳಗೆ ಹಸಿ. ನಾನು ಮಗುಚದಿದ್ರೆ ಅವತ್ತು ಅರ್ಧ ನೆಂಟರು ಆಸ್ಪತ್ರೇಲಿ ಇರ್ತಿದ್ರು. ಆದ್ರೂ ನಿನ್ನ ಇಕ್ಕಳ ಮುಟ್ಟಿದ್ದು ನನ್ನದೇ ತಪ್ಪು. ಬೇರೆ ಯಾರಾದ್ರೂ ನನ್ನದು ಮುಟ್ಟಿದ್ರೆ ನಾನು ಅವನ ಕೈ ಮುರೀತಿದ್ದೆ. ಇನ್ನು ಬ್ರೇಕಿನ ವಿಷಯ. ನನ್ನ ಬೆನ್ನ ಹಿಂದೆ ಇಡೀ ಆಯಸ್ಸು ಊರಿನ ಮಕ್ಕಳು ಕೂತಿದ್ರಯ್ಯ. ಈಗ ಯಾರೂ ಇಲ್ಲ, ಆದ್ರೂ ಕಾಲು ಕೇಳಲ್ಲ. ಸಲಾಡಿನ ವಿಷಯ... ಅದು ನೀನು ಹೇಳಿದ್ದು ಸರಿ."

ಮರ್ಲ್ ಆಗಲೇ ಎರಡೂ ಕೈಯಲ್ಲಿ ರೇಡಿಯೊ ಎತ್ತಿ ಹಿಡಿದಿದ್ದಳು. ರೇಲೀನ್ ಅದರ ಪಕ್ಕದಲ್ಲೇ ನಿಂತಿದ್ದಳು. "ಏನಂದ ಅವನು?" ಎಂದಳು.

ಕ್ಲೈವ್‌ಗೆ ಅದು ಕೇಳುವ ಹಾಗಿರಲಿಲ್ಲ. ಮುಂದುವರಿಸಿದ.

"ನೀನು ಫೇಲಾಗಿದ್ದು ಇಡೀ ಪಾರ್ಕಿಗೆ ಗೊತ್ತಾಗಿದೆ, ಸರಿ. ಈಗ ನನ್ನದು ಕೇಳು. ನಿಶ್ಚಿತಾರ್ಥ ಆದಾಗಿಂದ ನಾನು ರೇಲೀನ್ ಅಂಗಡಿಗೆ ಹೋಗೋದನ್ನೇ ಕಾಯ್ತೀನಿ. ಹೋದ ಕೂಡ್ಲೆ ಉದ್ದ ಕೋಲಿನ ಪೊರಕೆ ಇದೆಯಲ್ಲ, ಅದನ್ನ ತೋಳಲ್ಲಿ ಸಿಕ್ಕಿಸ್ಕೊಂಡು ಶೆಡ್ಡಿನ ಬಾಗಿಲಿಂದ ನಿಂಬೆಗಿಡದವರೆಗೆ ನಡೀತೀನಿ. ನಿಧಾನಕ್ಕೆ. ಅದು ಟಾಮ್ಸಿನ್ ಅಂದ್ಕೊಂಡು. ನಿಂಬೆಗಿಡದ ಹತ್ರ ಬಂದಾಗ ಪ್ರತಿ ಸಲ ಅಳು ಬರತ್ತೆ. ಪಕ್ಕದ ಮನೆಯವನು ಒಂದಿನ ಬೇಲಿ ಮೇಲಿಂದ ನೋಡಿ, 'ಪೊರಕೆ ಮುರೀತಾ ಕ್ಲೈವ್?' ಅಂತ ಕೇಳ್ದ. ಬೈಕೋ, ಫೇಲ್ ಮಾಡು, ನನಗೇನಿಲ್ಲ. ಆದ್ರೆ ನೀನು ಹೀಗೆ ಹೊರಟುಹೋದ್ರೆ ಆ ಹುಡುಗಿ ಬಾಲಿಗೆ ಹೋಗ್ತಾಳೆ, ನನಗೆ ಪೊರಕೆ ಒಂದೇ ಉಳಿಯೋದು. ಈಗ ಗುಂಡಿ ಬಿಡ್ತೀನಿ."

ಬಿಟ್ಟ. ರೇಡಿಯೊ ಸುಯ್ ಎಂದಿತು.  ಮರದಲ್ಲಿ ಗಲಾ ಹಕ್ಕಿಗಳು ಜಾಗಕ್ಕಾಗಿ ಕಿತ್ತಾಡುತ್ತಿದ್ದವು.

ಮೊದಲು ಬಂದದ್ದು ಯಾರೋ ಅಪರಿಚಿತನ ಒರಟು ದನಿ, ಎಲ್ಲೋ ದೂರದ ಹೆದ್ದಾರಿಯ ಲಾರಿಯವನದ್ದು. "ಲಿಂಡ್ಸೆ, ನೀನು ಯಾರೋ ನನಗೆ ಗೊತ್ತಿಲ್ಲ ಗುರು. ವಾಪಸ್ ಹೋಗಪ್ಪ."

ಮತ್ತೆ ಸುಯ್.

"ಯಾವ ಕಾಲು?" ಎಂದಿತು ಲಿಂಡ್ಸೆಯ ದನಿ.

"ಏನು?"

"ಶೆಡ್ಡಿಂದ ಹೊರಡುವಾಗ ಮೊದಲು ಯಾವ ಕಾಲು ಇಡ್ತೀಯ?"

ಕ್ಲೈವ್ ಕಾರಲ್ಲಿ ಕೂತೇ ಕಾಲಾಡಿಸಿ ನೋಡಿದ. "ಬಲಗಾಲು."

"ಎಡಗಾಲು ಕಣಯ್ಯ! ಹುಡುಗಿ ನಿನ್ನ ಯಾವ ಕಡೆ ಇರ್ತಾಳೆ, ಬಟ್ಟೆ ಯಾವ ಕಡೆ ಹರಡಿರತ್ತೆ, ಏನೂ ಯೋಚನೆ ಇಲ್ವಾ? ಪೊರಕೆಗೆ ಲಂಗ ಇಲ್ಲ ಅಂತ ಹೇಗೆಬೇಕೋ ಹಾಗೆ ನಡೆಯೋದಾ? ಎಲ್ಲ ತಪ್ಪು ಕಲ್ತು ಕೂತಿದೀಯ. ಇರು, ಬರ್ತಿದೀನಿ."

ಬರುತ್ತಿದ್ದೇನೆ ಎಂದವನು ಬರಲು ಬಹಳ ಹೊತ್ತಾಯಿತು. ಆ ಕಿರುದಾರಿಯಲ್ಲಿ ಟ್ರೇಲರ್ ತಿರುಗಿಸಲು ಜಾಗವಿರಲಿಲ್ಲ. ರಿವರ್ಸ್ ಮಾಡುವ ಸಾಹಸ ಬೇಡವೆಂದು ಪಾರ್ಕಿನ ಗೇಟಿನವರೆಗೂ ಹೋಗಿ ಸುತ್ತು ಹಾಕಿ ಬಂದಿದ್ದ. ಬಿಡಾರಕ್ಕೂ ಆಚೆ ಬದಿಯಿಂದ ನೇರವಾಗಿ ನುಗ್ಗಿಸಿ ನಿಲ್ಲಿಸಿದ. ಯಾರೂ ಏನೂ ಅನ್ನಲಿಲ್ಲ. ಸ್ಟ್ಯಾನ್ ಅನ್ನುತ್ತಿದ್ದನೇನೋ, ಅವನಾಗಲೇ ನಿದ್ದೆ ಹೋಗಿದ್ದ. ಗ್ಲೆನಿಸ್ ಗಂಡನ ಹತ್ತಿರ ಹೋಗಿ ಕೈ ಚಾಚಿದಳು. ಅವನು ಕನ್ನಡಕ ಕೊಟ್ಟ. ಅವಳು ಅದನ್ನು ಹಾಕಿಕೊಂಡು ಅವನ ಮುಖವನ್ನೊಮ್ಮೆ ಸರಿಯಾಗಿ ನೋಡಿದಳು.

"ಇನ್ನೊಂದು ಸಲ ನನ್ನನ್ನ ಕಾಡಲ್ಲಿ ಬಿಟ್ಟು ಹೋಗು, ನೋಡ್ಕೋತೀನಿ," ಎಂದಳು, ಅದೇ ಮೆಲುದನಿಯಲ್ಲಿ.

ಬಿಸಿಲು ಇಳಿದು ಗುಡ್ಡಗಳು ಕೆಂಡದ ಬಣ್ಣಕ್ಕೆ ತಿರುಗಿದ್ದವು. ಲಿಂಡ್ಸೆ ಕುರ್ಚಿಗಳನ್ನೆಲ್ಲ ಎಳೆದು ಎರಡು ಸಾಲು ಮಾಡಿದ. ನಡುವೆ ಕೆಂಪು ಮಣ್ಣಿನ ಓಣಿ. ಒಂದು ಸಾಲಿನಲ್ಲಿ ಸ್ಟ್ಯಾನ್‌ನನ್ನು ಕುರ್ಚಿಸಮೇತ ಸರಿಸಲಾಯಿತು.

"ಮದುಮಗಳು ಬೇಕು," ಎಂದ ಲಿಂಡ್ಸೆ.

ಎಲ್ಲರೂ ರೇಲೀನ್‌ಳನ್ನು ನೋಡಿದರು. ಅವಳು ಸಲಾಡಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಒಬ್ಬಳೇ, ಚಮಚದಿಂದ ತಿನ್ನುತ್ತಿದ್ದಳು. "ಅವನ ಪಕ್ಕ ನಾನು ಇವತ್ತು ನಿಲ್ಲಲ್ಲ. ಮೂವತ್ತು ವರ್ಷ ತಟ್ಟೆ ನೆಕ್ಕಿ ತಿಂದೋನು!"

ಕೊನೆಗೆ ಮರ್ಲ್ ಪಾತ್ರೆ ಒರೆಸುವ ಬಟ್ಟೆಯನ್ನು ತಲೆಗೆ ಹಾಕಿಕೊಂಡು ಕ್ಲೈವ್‌ನ ತೋಳು ಹಿಡಿದಳು. ಲಿಂಡ್ಸೆ ಓಣಿಯ ಕೊನೆಯಲ್ಲಿ ಕೈಕಟ್ಟಿ ನಿಂತ. ಹುಬ್ಬು ಮೇಲೇರಿತು.

"ಯಾವಾಗ ಸಿದ್ಧವೋ ಆಗ ಹೊರಡಬಹುದು... ಎಡಗಾಲು! ನಿಧಾನ. ನೆಲ ನೋಡಬೇಡ, ನೆಲ ಎಲ್ಲಿಗೂ ಓಡಿಹೋಗಲ್ಲ. ಎರಡೂ ಕಡೆ ಜನರಿದಾರೆ, ಸ್ವಲ್ಪ ನಗು. ಅಷ್ಟಲ್ಲ!"

ಅರ್ಧ ಓಣಿಯಲ್ಲಿ ಸ್ಟ್ಯಾನ್‌ಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ನೋಡಿದ. ಹೆಂಡತಿ ತಲೆಗೆ ಮುಸುಕು ಹಾಕಿ, ಪರಗಂಡಸಿನ ತೋಳು ಹಿಡಿದು, ನಾಚುತ್ತ ಹೋಗುತ್ತಿದ್ದಾಳೆ.

"ಮರ್ಲ್," ಎಂದ ಗಾಬರಿಯಿಂದ, "ನಾನು ಎಷ್ಟು ಹೊತ್ತು ಮಲಗಿದ್ದೆ?"

ಗ್ಲೆನಿಸ್ ನಕ್ಕಳು. ರೇಲೀನ್‌ಗೂ ತಡೆಯಲಾಗದೆ ಬಾಯಲ್ಲಿದ್ದ ಆಲೂಗಡ್ಡೆ ನೆತ್ತಿಗೇರಿತು. ಕ್ಲೈವ್ ಮಾತ್ರ ನಗಲಿಲ್ಲ. ಅವನು ನೆಲ ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಓಣಿಯ ಕೊನೆಗೆ ಬಂದು ನಿಂತ. ನಿಂತೇ ಇದ್ದ.

"ಇಲ್ಲಿ ಕೈ ಬಿಡಬೇಕು," ಎಂದ ಲಿಂಡ್ಸೆ.

ಕ್ಲೈವ್ ಬಿಡಲಿಲ್ಲ.

"ಬಿಡಪ್ಪಾ, ರಕ್ತ ಓಡ್ತಿಲ್ಲ," ಎಂದಳು ಮರ್ಲ್.

ಲಿಂಡ್ಸೆ ಹತ್ತಿರ ಬಂದ. ಕ್ಲೈವ್‌ನ ಬೆರಳುಗಳನ್ನು ಅವಸರವಿಲ್ಲದೆ, ಒಂದೊಂದಾಗಿ ಬಿಡಿಸಿದ. "ಇಲ್ಲಿಂದಾಚೆ ನಮ್ಮ ಪಾಲಿಗೆ ಬಿಡು," ಎಂದ. ಅದನ್ನು ರೇಡಿಯೊದಲ್ಲಿ ಕೇಳುವಷ್ಟು ಗಟ್ಟಿಯಾಗಿ ಹೇಳಲಿಲ್ಲ. "ಚೆನ್ನಾಗಿ ನೋಡ್ಕೋತೀವಿ."

ಆಮೇಲೆ ಹಿಂದೆ ಸರಿದು, ಓಣಿಯ ಆ ತುದಿಗೆ ಬೆರಳು ತೋರಿಸಿದ.

"ಪರವಾಗಿಲ್ಲ ಅನ್ನೋ ಹಾಗಿತ್ತು. ಆದ್ರೆ ಪಾಸಲ್ಲ. ಹೋಗು, ಮತ್ತೆ ಬಾಗಿಲಿಂದ."